ಕಮಲಾಕರನ ಜೀಪಿನ ಮುಂದಿನ ಚಕ್ರ

ಅವರ್ಸಾದ ಸಮುದ್ರದಂಡೆಯಲ್ಲಿ ಮಳೆಗಾಲವೆಂದರೆ ಬಲೆ ದುರಸ್ತಿಯ ಕಾಲ. 2009ರ ಜುಲೈ ತಿಂಗಳ ಆ ಸಂಜೆಯೂ ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಗರಿ ಮುಚ್ಚಿ, ಕೇರಿಯ ನಾವೆಲ್ಲ ಸೋಮಿ ಅಜ್ಜಿಯ ಒಣಮೀನಿನ ಚಪ್ಪರದಲ್ಲಿ ಬಲೆ ಹರಡಿಕೊಂಡು ಕೂತಿದ್ದೆವು. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಅಜ್ಜಿಯ ಮಗ ಕುಪ್ಪ, ಸೊಸೆ ಮನಿಷಾ, ಮೊಮ್ಮಗಳು ನೀತಾ ಒಂದು ಮೂಲೆಯಲ್ಲಿದ್ದರು. ಕಾರವಾರದಲ್ಲಿ ನನ್ನ ಜೊತೆ ಕೆಲಸ ಮಾಡುವ ಕೌಶಿಕ್ ನಮ್ಮೂರು ನೋಡಲೆಂದು ಬಂದವನು, ಆಗಷ್ಟೇ ಪೂರ್ತಿ ಒದ್ದೆಯಾಗಿ ಒಳಗೆ ಬಂದು ಚಾ ಕುಡಿಯುತ್ತಿದ್ದ. ಒಂದು ಜೀಪು ಕೊಳ್ಳಬೇಕೆಂದಿದ್ದೇನೆ, ಫೋರ್ ವೀಲ್ ಇದ್ದರೆ ಎಲ್ಲಿ ಬೇಕಾದರೂ ನುಗ್ಗಬಹುದು ಎಂದು ಅವನು ಅಂದದ್ದೇ ತಡ, ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಅವನೆದುರು ಕೂತಳು.

“ನುಗ್ತೆ ಹೇಳ್ತ್ಯಾ ತಮಾ? ನುಗ್ಗು. ಅದಕ್ಕೂ ಮೊದ್ಲು ನಾ ಹೇಳೂದು ಕೇಳು... ಹಬ್ಬುವಾಡದಲ್ಲಿ ಕಮಲಾಕರ ಅಂತ ಒಬ್ಬ ಇದ್ದ. ಘಟ್ಟದ ಬುಡದಲ್ಲಿ ಅಪ್ಪನ ತೋಟ, ಇವಂದು ಕಾರವಾರದಲ್ಲಿ ಗುತ್ತಿಗೆ ಕೆಲಸ. ನಮ್ಮ ದಂಡೆಗೆ ಕಲ್ಲು ಹಾಕ್ಸೂಕೆ ಬತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ, ಹಂಗೆ ಇವ ಹರಾಜಿನಲ್ಲಿ ಒಂದು ಹಳೇ ಜೀಪ್ ಹಿಡ್ದ.

“ಆ ಜೀಪಿಗೆ ಗೇರ್ ಲಿವರ್ ಪಕ್ಕ ಇನ್ನೊಂದು ಗಿಡ್ಡ ಲಿವರ್. ಅದನ್ನ ಎಳೆದ್ರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಬತ್ತದೆ ಹೇಳಿ ಇವನ ತಿಳುವಳಿಕೆ. ಬತ್ತದೆ, ಇಲ್ಲ ಹೇಳೂದಿಲ್ಲ... ಆದ್ರೆ ಮೊದ್ಲು ಕೆಳಗೆ ಇಳೀಬೇಕು. ಮುಂದಿನ ಎರಡೂ ಚಕ್ರದ ನಡುಮಧ್ಯ ಒಂದೊಂದು ಲಾಕ್ ಅದೆ, ಬಗ್ಗಿ ಕೈಯಲ್ಲಿ ತಿರುಗಿಸ್ಬೇಕು. ಆಗಷ್ಟೇಯ ಮುಂದಿನ ಚಕ್ರ ಇಂಜಿನ್ನಿಗೆ ಕಚ್ಕಂಬೂದು. ಇಲ್ಲಾದ್ರೆ ಗಿಡ್ಡ ಲಿವರ್ ಎಳೆದ್ರೂ ಒಂದೇ, ಬೆನ್ನು ತುರಿಸ್ಕಂಡ್ರೂ ಒಂದೇ. ಜೀಪ್ ಕೊಟ್ಟವ್ರು ಇದನ್ನ ಸರಿಯಾಗಿ ಹೇಳಿದ್ರು. ಇವ ಕೇಳ್ತ್ನಾ? ಬಿಳಿ ಪ್ಯಾಂಟಿನವ, ಬಗ್ಗೂ ಜಾತಿ ಅಲ್ಲ.

“ಆಯುಧಪೂಜೆಗೆ ಎಂತ ಮಾಡ್ದ ಗೊತ್ತದ್ಯಾ? ಆ ಎರಡು ಲಾಕಿಗೂ ಅರಿಶಿನ ಕುಂಕುಮ ಬಳ್ದು, ಕೆಂಪು ದಾರ ಸುತ್ತಿ, ಮುಂದಿನ ಪೂಜೆ ತನಕ ಯಾರೂ ಮುಟ್ಟಬಾರ್ದು ಹೇಳಿ ಅಪ್ಪಣೆ ಕೊಟ್ಟ. ಪೂಜೆ ಮಾಡ್ದ... ತಿರುಗಿಸ್ಲಿಲ್ಲ. ಹಿಂಗಿದ್ದೂ ಭಕ್ತಿ ಇರ್ತದೆ ನೋಡು. ಕಾರವಾರದ ಒಣ ಟಾರ್ ರಸ್ತೆ ಮೇಲೂ ಗಿಡ್ಡ ಲಿವರ್ ಎಳ್ಕಂಡೇ ತಿರುಗ್ತಿದ್ದ, ಪಕ್ಕದಲ್ಲಿ ಕೂತವ್ರು ಕಾಣ್ಲಿ ಹೇಳಿ. ಟಾರ್ ಮೇಲೆ ಫೋರ್ ವೀಲ್ ಹಾಕ್ಬಾರ್ದು, ತಿರುವಿನಲ್ಲಿ ಗಾಡಿ ಬಿಗೀತದೆ, ಟೈರ್ ಉಜ್ಜಿ ಹೋಗ್ತದೆ. ಇವಂದು ಬಿಗೀಲಿಲ್ಲ. ಎಂತಕ್ಕೆ? ಲಾಕೇ ಹಾಕಿರ್ಲಿಲ್ಲ, ಎಲ್ಲಿಂದ ಬಿಗೀತದೆ? ‘ನನ್ನ ಡ್ರೈವಿಂಗ್ ಹಾಗೆ’ ಹೇಳ್ಕಂಡು ತಿರುಗ್ದ.

“ಈ ಮನಿಷಾ ಆಗ ತುಂಬಿದ ಬಸುರಿ. ಮಳೆಗೆ ಹಳ್ಳ ಉಕ್ಕಿ ಕೇರಿ ದಾರಿ ಕೊಚ್ಚಿ ಹೋಗಿತ್ತು, ಪ್ರತಿ ವರ್ಷದ ಹಣೆಬರಹ. ಸಮುದ್ರ ಇಳಿದಾಗ ಮಾತ್ರ ದಂಡೆ ಮೇಲಿಂದ, ಹಳ್ಳದ ಬಾಯಿ ದಾಟಿ ಹೆದ್ದಾರಿಗೆ ಹೋಗೂಕೆ ಆಗ್ತದೆ. ಭರತಿ ಬಂದ್ರೆ ಅದೂ ಇಲ್ಲ. ಇಳಿಹೊತ್ತಿಗೆ ನೋವು ಸುರುವಾಯ್ತು. ನಮ್ಮ ಗಂಡಸ್ರು ಬಲೆ ತುಂಡನ್ನ ದೋಣಿ ಹುಟ್ಟಿಗೆ ಕಟ್ಟಿ, ತೊಟ್ಲು ಮಾಡಿ, ಹೊತ್ಕಂಡು ಹೋಗೂಕೆ ತಯಾರಾಗಿದ್ರು. ಅಷ್ಟೊತ್ತಿಗೆ ಬಂದ ನೋಡು ಈ ಧೀರ... ‘ಹೊರಲಿಕ್ಕೆ ಅವಳೇನು ಹೆಣವಾ? ನನ್ನ ಗಾಡಿ ಇದೆ, ಹತ್ತಿಸಿ’ ಅಂದ.

“ಹತ್ತಿಸಿದ್ರು. ಹಳ್ಳದ ಬಾಯಿಯ ಹಸಿ ಮರಳಲ್ಲಿ ಹಿಂದಿನ ಚಕ್ರ ಕೂತ್ತು. ಕೂತ ಕೂಡ್ಲೇ ನಿಲ್ಲಿಸ್ಬೇಕಾ ಬೇಡ್ವಾ? ಟೈರಿನ ಗಾಳಿ ಸ್ವಲ್ಪ ಇಳಿಸಿ, ಲಾಕ್ ತಿರುಗಿಸಿ, ಮೆಲ್ಲಗೆ ಎಳೀಬೇಕಾ ಬೇಡ್ವಾ? ಇವ ಗಿಡ್ಡ ಲಿವರ್ ಎಳ್ದು ಎಕ್ಸಲೇಟರ್ ತುಳ್ದಾ, ತುಳ್ದಾ... ಹಿಂದಿನ ಚಕ್ರ ಏಡಿ ಬಿಲ ತೋಡಿದ ಹಂಗೆ ತೋಡ್ತು, ಮುಂದಿಂದು ಸುಮ್ನೆ ನಿಂತ್ಕಂಡಿತ್ತು. ಕುಪ್ಪ ‘ಸಾಹೇಬ್ರೆ, ಇಳಿದು ಲಾಕ್ ತಿರುಗಿಸಿ, ಇಲ್ಲಾದ್ರೆ ನಾ ತಿರುಗಿಸ್ತೆ’ ಹೇಳ್ದ. ‘ಪೂಜೆ ಮಾಡಿದ್ದಕ್ಕೆ ಕೈ ಹಚ್ಚಬೇಡ, ನಿಮ್ಮ ಊರಿನ ಮರಳೇ ಸರಿಯಿಲ್ಲ’ ಅಂದ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ತೆರೆ ಬಂದು ಬಂದು ಅಡಿ ಮರಳು ಜಾರಿ, ಮುಂದಿನ ಚಕ್ರನೂ ಲಾಕ್ ತನಕ ಹೂತು ಹೋಯ್ತು. ನೀರು ಸೀಟಿಗೆ ಬಂತು, ಒಳಗೆ ಈ ಹುಡುಗಿ ಹಲ್ಲು ಕಚ್ಚಿ ಕೂತದೆ... ಕುಪ್ಪ ಹೆಂಡ್ತಿನ್ನ ಎತ್ತಿ ಬಲೆಗೆ ಹಾಕ್ದ. ಎದೆಮಟ್ಟ ನೀರಲ್ಲಿ ಹೊತ್ಕಂಡು ದಾಟಿದ್ರು. ಈ ನೀತಾ ಹೆದ್ದಾರಿ ಬದಿಯಲ್ಲೇ ಹುಟ್ತು. ಅದರ ಅಳು ಕೇಳಿ ನಾನೂ ಅತ್ತೆ, ಸುಳ್ಳೆಂತಕ್ಕೆ ಹೇಳ್ಲಿ.

“ಅಂವ? ಅಂವ ಇಳೀಲಿಲ್ಲ. ಕೂಗಿ ಕೂಗಿ ಕರೆದ್ರು. ‘ಅವಳನ್ನ ನನ್ನ ಗಾಡಿಯಲ್ಲೇ ಕರ್ಕೊಂಡು ಹೋಗ್ತೇನೆ, ನೋಡ್ತಾ ಇರಿ’ ಹೇಳಿ ಲಿವರ್ ಎಳೀತಾ ಕೂತ. ಕತ್ತಲಾದ್ಮೇಲೆ ಇಂಜಿನ್ ಸದ್ದು ನಿಂತ್ತು. ಬೆಳಿಗ್ಗೆ ಜೀಪೂ ಇಲ್ಲ, ಅವನೂ ಇಲ್ಲ.

“ಸತ್ತು ದೆವ್ವ ಆಗೂದು ದೊಡ್ಡದಲ್ಲ. ನಮ್ಮ ಬದಿ ದೆವ್ವಕ್ಕೂ ಒಂದು ಮರ್ಯಾದಿ ಅದೆ, ತನ್ನ ಕಾಲಲ್ಲಿ ನಡ್ಕಂಡು ಬತ್ತದೆ, ಕೇಳಿದ್ದು ಕೊಟ್ರೆ ಹೋಗ್ತದೆ. ಇವ ದೆವ್ವ ಆದ್ರೂ ಸೀಟಿನಿಂದ ಇಳೀಲಿಲ್ಲ. ಇಂಥಾ ಮಳೆ ಸಂಜೆ ಹಳ್ಳದ ಬಾಯಲ್ಲಿ ಜೀಪ್ ಮೇಲೆ ಬತ್ತದೆ. ಇವ ಒಳಗೆ ಕೂತ್ಕಂಡೇ, ಹೋಗೂರನ್ನ ಬರೂರನ್ನ ಕರೀತ... ‘ಸ್ವಲ್ಪ ಆ ಲಾಕ್ ತಿರುಗಿಸಿ ಕೊಡಿ, ಬಸುರಿ ಕಾಯ್ತಿದ್ದಾಳೆ, ಆಸ್ಪತ್ರೆಗೆ ಬಿಡಬೇಕು.’ ಕೇರಿಯವ್ರು ಉಗಿದು ಮುಂದೆ ಹೋಗ್ತ್ರು. ಹೊಸ ಮಾಸ್ತರು ಒಬ್ರು ಬಂದಿದ್ರು, ಪಾಪದವ್ರು, ಮರುಗಿ ಎಡಗಡೆದು ತಿರುಗಿಸಿ ಕೊಟ್ರು. ತಲೆ ಎತ್ತಿ ಅವನ ಮುಖ ಕಂಡಿದ್ದೇ, ಬಲಗಡೆದು ಬಿಟ್ಟು ಓಡಿ ಬಂದ್ರು. ದೇವ್ರು ದೊಡ್ಡವ. ಒಂದೇ ಬದಿ ಕಚ್ಚಿದ್ರೆ ಎಳೆತ ಇಲ್ಲ, ಎರಡೂ ಆಗ್ಬೇಕು. ಅದಕ್ಕೇಯ ಮನಿಷಾ ಇನ್ನೂ ನಿಮ್ಮೆದುರು ಕೂತದೆ. ಬಲಗಡೆದು ತಿರುಗಿದ ದಿವಸ ಅಂವ ಮರಳು ಹತ್ತಿ ಸೀದಾ ಈ ಬಾಗ್ಲಿಗೆ ಬತ್ತ, ಮನಿಷಾನ್ನ ಹತ್ತಿಸ್ಕಂಡು ಹೋಗೂಕೆ. ಆಸ್ಪತ್ರೆಗೆ ಅಂದ್ಕಂಡ್ರಾ? ಅಂವ ಈಗ ಇಪ್ಪೂ ಜಾಗಕ್ಕೆ.”

ಅಜ್ಜಿ ನಿಲ್ಲಿಸಿದಳು. ಯಾರೋ ಮೆಲ್ಲಗೆ ನಕ್ಕರು. ಕೌಶಿಕ್ ಚಾ ಲೋಟ ಕೆಳಗಿಟ್ಟ.

“ಅಜ್ಜಿ, ಮಾಸ್ತರು ತಿರುಗಿಸಿದ್ದು ಎಡಗಡೆಯದಾ?”

“ಹ್ಞೂಂ. ಎಂತಕ್ಕೆ?”

“ಬರುವಾಗ ಹಳ್ಳದ ಹತ್ತಿರ ಒಬ್ಬರ ಜೀಪು ಹೂತಿತ್ತು. ಮಳೆಗೆ ಮುಖ ಸರಿಯಾಗಿ ಕಾಣಲಿಲ್ಲ. ಎಡಗಡೆಯದು ಆಗಿದೆ, ಇದೊಂದು ಬಾಕಿ, ಹೆರಿಗೆ ಕೇಸು ಅಂದರು...” ಕೌಶಿಕ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳತೊಡಗಿದ.

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಾಳಾದ ಮೀನನ್ನು ಬುಟ್ಟಿಯಿಂದ ಆಚೆ ಹಾಕುವಾಗಲೂ ಅವಳು ಹಾಗೇ ನೋಡುವುದು.

“ಅಂವ ಜನ್ಮದಲ್ಲಿ ಮಾಡದ್ದನ್ನ ನೀ ಬಗ್ಗಿ ಮಾಡಿ ಕೊಟ್ಯಾ? ಶಾಣ್ಯಾ ಇದ್ದೀ.”

ಮನಿಷಾ ಆಗಲೇ ಮಗಳನ್ನೆತ್ತಿಕೊಂಡು ನಿಂತಿದ್ದಳು. ಅಜ್ಜಿ ಮಗನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

“ಕುಪ್ಪಾ, ಇವ್ರನ್ನ ಹಿತ್ಲ ಬದಿಯಿಂದ ಕರ್ಕಂಡು ನಡಿ. ನಿಲ್ಬೇಡ. ಇನ್ನು ಬಾಕಿ ಇಪ್ಪೂದು ಗಿಡ್ಡ ಲಿವರ್ ಎಳೆಯೂದು ಒಂದೇ... ಅದೊಂದು ಅವಂಗೆ ಮೊದ್ಲಿಂದನೂ ಬತ್ತದೆ.”