ಏಳನೇ ಕೊಕ್ಕೆ

ದೂರದ ತಳಕು ಊರಿನಲ್ಲಿ ಇರುವೆ ಕೆಮ್ಮಿದರೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಕರಿಯಕ್ಕನಿಗೆ ಕೇಳುತ್ತದೆ. ಅಂಥವಳ ಪಕ್ಕದಲ್ಲೇ ಇಬ್ಬರು ಮೊಳಕಾಲ್ಮೂರು ಬಸ್ಸಿಗೆ ಕಾದು ಕೂತಿದ್ದರು. ಮೊಳಕಾಲ್ಮೂರಿನ ನೇಕಾರ ಓಬಳಪ್ಪನ ಮಗ್ಗದಲ್ಲಿ ಸೀರೆ ಚಿತ್ತಾರ ಮೂಡಿಸುವ ರಟ್ಟಿನ ಮೇಲೆ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಬರೆದವನು ಶಹನವಾಜ್. ಅದನ್ನು ತಿದ್ದಿದವನು ಗೋವರ್ಧನ.

“ಚೊಕ್ಕ ಮಾಡು ಅಂದ್ರೆ ಏನ್ ಮಾಡಿದ್ಯಲೇ?” ಎಂದ ಶಹನವಾಜ್.

“ಸಾಲೆಲ್ಲಾ ಒಂದೇ ಅಳತೆಗೆ ತಂದೆ. ಏಳನೇ ತೂತು ಬಿಟ್ಟು ಮುಂದಕ್ಕೆ ಹೋಗ್ತಿತ್ತು. ತಪ್ಪು ಅಂತ ಸರಿಮಾಡ್ದೆ.”

“ತಪ್ಪಲ್ಲಪ್ಪ ಅದು. ತೂತಿಗೊಂದು ಕೊಕ್ಕೆ ನೂಲು ಎತ್ತೋದು. ಓಬಳಪ್ಪಣ್ಣನ ಮಗ್ಗದಾಗೆ ಏಳನೇ ಕೊಕ್ಕೆ ಮುರಿದು ಮೂರ್ ವರ್ಷ ಆಗೈತೆ.”

“ಪಕ್ಕದಾಗೆ ಒಂದ್ ಮಾತು ಬರೆದಿಡಬಾರ್ದಾಗಿತ್ತಾ?”

“ಬರೆದಿದ್ನಲ್ಲ.”

ಗೋವರ್ಧನ ಬಸ್ಸು ಬರುವ ದಾರಿ ನೋಡಿದ. “ಅಂಥ ಟಿಪ್ಪಣಿ ಎಲ್ಲಾ ಅಳಿಸಿಬಿಟ್ಟೆ. ಅಂದ ಕೆಡ್ತಿತ್ತು.”

ಕಡಲೆಕಾಯಿ ಅಳೆಯುತ್ತಿದ್ದ ಕರಿಯಕ್ಕನ ಕೈ ನಿಂತಿತು.

“ಸೀರೆ ಬೆನ್ನು ಮೇಲಾಗಿ ನೇಯ್ದಾರೆ, ನೇಯುವಾಗ ಕಾಣ್ಲಿಲ್ಲ,” ಎಂದ ಶಹನವಾಜ್. “ ಇವತ್ತು ತಿರುಗಿಸಿ ನೋಡಿದ್ರೆ, ಸೆರಗಿನ ಒಂದು ನವಿಲಿಗೂ ಕತ್ತಿಲ್ಲ.”

“ಬಿಚ್ಚಿ ನೇಯೋಕಾಗಲ್ವಾ?”

“ಹದಿನೈದು ದಿನ ಬೇಕು. ಓಬಳಪ್ಪಣ್ಣನ ಮಗಳ ಧಾರೆ ಸೀರೆ ಅದು. ಲಗ್ನ ನಾಡಿದ್ದು.”

ಬಸ್ಸು ಬಂತು.

“ಏನಂತ ಹೇಳೋದಲೇ ಅವರಿಗೆ?” ಎಂದ ಗೋವರ್ಧನ ಏಳುತ್ತಾ.

“ಪ್ರೋಗ್ರಾಂ ಈಗ ಚೊಕ್ಕ ಐತೆ ಅಂತ ಹೇಳು.”

ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಮೊದಲು ನೀನು ಹತ್ತು ಎಂಬಂತೆ ಇಬ್ಬರೂ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತರು.