ಐತವಾರದ ಜೋಳದ ಹಿಟ್ಟು

ಮೂವತ್ತೆಂಟನೆಯ ಇಸವಿಯಲ್ಲಿ ಗಂಗಾವತಿಯ ಮೋಟಾರು ನಿಲ್ಲುವ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಮುಂಬೈಯಲ್ಲಿ ಗಂಡ ದ್ಯಾವಪ್ಪ ತೀರಿಕೊಂಡ ಮೇಲೆ ಒಬ್ಬಳೇ ಬಂದಿಳಿದ ಫಕೀರಮ್ಮ. ಅವಳನ್ನು ಕರೆದೊಯ್ಯಲು ನವಲಿಯಿಂದ ಎತ್ತಿನ ಬಂಡಿಯಲ್ಲಿ ಬಂದಿದ್ದ ಅತ್ತೆ ಹೊಳಿಯಮ್ಮ.

“ನನ್ನ ಮಗ ಅಲ್ಲಿ ಏನ ಉಣತಿದ್ದ?”

“ಪಾವ್ ಅಂತ ಸಿಗತೈತ್ರಿ ಅತ್ತಿ, ಹತ್ತಿಯಂಗ ಮೆತ್ತಗ. ಅದನ್ನ ಸಮುದ್ರದ ಮೀನಿನ ಸಾರಿನಾಗ ಅದ್ದಿ ತಿಂತಿದ್ರು.”

“ನೀನು?”

“ನನಗ ಸೇರತಿರಲಿಲ್ರಿ. ಕಡೀ ಐತವಾರ ಸೀರಿ ಕೊಡಸಾಕ ಪ್ಯಾಟಿಗೆ ಕರ್ಕೊಂಡ ಹೋಗಿದ್ರು. ಖಾನಾವಳ್ಯಾಗ ಬಾಯಾಗ ಇಟ್ಟಿದ್ದನ್ನ ಉಗುಳಿಬಿಟ್ಟೆ.”

“ಬೈದನೇನು?”

“ಇಲ್ರಿ. ಸೀರಿ ಮಾತು ಬಿಟ್ಟು, ಸಂಜಿತನಕ ಓಣಿ ಓಣಿ ತಿರುಗಿ ಜೋಳದ ಹಿಟ್ಟು ಹುಡುಕಿ ತಂದ್ರು. ಮರುದಿನಾನ ಗಿರಣಿ ಗೋಡಿ ಅವರ ಮ್ಯಾಲ ಬಿದ್ದದ್ದು. ನನ್ನ ಸಲುವಾಗಿ ಭಾಳ ದಣಿದಿದ್ರು ಅತ್ತಿ.”



“ಆವತ್ತ ರೊಟ್ಟಿ ಬಡದಿ?”

“ಬಡದೆ.”

“ಅವನೂ ಉಂಡನೇನು?”

“ಮೂರು ಉಂಡ್ರು. ‘ನಮ್ಮವ್ವನ ಕೈಯಾಗಿನ ರೊಟ್ಟಿಯಂಗ ಅದಾವು’ ಅಂದ್ರು.”

ಮುದುಕಿ ಎದ್ದು ಸೊಸೆಯ ಗಂಟನ್ನು ತಾನೇ ತಲೆಯ ಮೇಲಿಟ್ಟುಕೊಂಡಳು.

“ನಡಿಯವ್ವಾ, ಬಂಡಿ ಹೊಂಟೈತಿ,” ಎಂದಳು.

ಇಬ್ಬರೂ ಬಂಡಿಯತ್ತ ನಡೆದರು.