ಕೋದಂಡರಾಮಪ್ಪನವರ ಕಾರ್ಖಾನೆಯಲ್ಲಿ ಪಂಪು ನೀರೆತ್ತದೆ ನಿಂತ ಬಗ್ಗೆ

ಮುರಳಿಮೋಹನ್ ಬಿನ್ ಲೇಟ್ ವೆಂಕಟರಮಣಪ್ಪ, 43 ವರ್ಷ, ಪೈಪ್ ಫಿಟ್ಟಿಂಗ್ ಕಂಟ್ರಾಕ್ಟ್ ಕೆಲಸ, ವಾಸ ಹೋಳೂರು, ಕೋಲಾರ ತಾಲ್ಲೂಕು ಆದ ನಾನು ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಲ್ಲಿ ಕೋದಂಡರಾಮಪ್ಪನವರು ಹೊಸದಾಗಿ ಕಟ್ಟಿಸಿರುವ ಮಾವಿನ ತಿರುಳಿನ ಕಾರ್ಖಾನೆಯಲ್ಲಿ, ಸಂಪಿನಿಂದ ಪಂಪಿಗೆ ಸಕ್ಷನ್ ಪೈಪು, ಪಂಪಿನಿಂದ ಮೇಲಿನ ಟ್ಯಾಂಕಿಗೆ ಡೆಲಿವರಿ ಪೈಪು ಕೂರಿಸುವ ಕೆಲಸವನ್ನು ನಾನು ಮತ್ತು ನನ್ನ ಫಿಟ್ಟರ್ ಚನ್ನರಾಯಪ್ಪ ಮಾಡಿರುತ್ತೇವೆ. ಅವನು ಹನ್ನೆರಡು ವರ್ಷದಿಂದ ನನ್ನ ಜೊತೆ ಇದ್ದಾನೆ. ಕೋಪ ಮೂಗಿನ ತುದಿಯಲ್ಲಿ, ಕೆಲಸ ಮಾತ್ರ ಅಪ್ಪಟ ಚಿನ್ನ.

ದಿನಾಂಕ 22-5-1998ರ ಶುಕ್ರವಾರ ಬೆಳಿಗ್ಗೆ, ರಾಹುಕಾಲ ಬರುವ ಮುಂಚೆ ಅಂದರೆ ಹತ್ತೂವರೆಯೊಳಗೆ ಪಂಪು ಚಾಲೂ ಆಗಲೇಬೇಕೆಂದು ಕೋದಂಡರಾಮಪ್ಪನವರು ಹಟ ಹಿಡಿದರು. ಪೈಪಿನ ಕೆಳಗೆ ಹಾಕಿದ ಕಾಂಕ್ರೀಟ್ ಇನ್ನೊಂದು ದಿನ ಒಣಗಲಿ ಎಂದು ಚನ್ನರಾಯಪ್ಪ ಹೇಳಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ಸ್ಪ್ಯಾನರ್ ಬಿಸಾಕಿ, "ಹಾಕ್ಕೊಳ್ಳಿ ಸ್ವಾಮಿ, ಅದೆಂಗೆ ನೀರು ಬರ್ತದೋ ನಾನೂ ನೋಡ್ತೀನಿ" ಎಂದು ಎಲ್ಲರೆದುರು ಕೂಗಿದ. ಕೂಗಿದ್ದು ನಿಜ, ಮುಚ್ಚಿಡುವುದಿಲ್ಲ.

ಕಾಯಿ ಒಡೆದು ಸ್ವಿಚ್ ಹಾಕಿದರು. ಒಂದೆರಡು ಬಿಂದಿಗೆಯಷ್ಟು ನೀರು ಬಂದು ನಿಂತುಹೋಯಿತು. ಪಂಪಿನೊಳಗೆ ಜಲ್ಲಿ ಕುಲುಕಿದ ಹಾಗೆ ಸದ್ದಾಯಿತು. ಗೇಟಿನ ಹತ್ತಿರ ಮಾವಿನ ಲಾರಿಗಳು ಬಿಸಿಲಲ್ಲಿ ನಿಂತಿದ್ದವು. ಚನ್ನರಾಯಪ್ಪನೇ ದ್ವೇಷದಿಂದ ಪೈಪಿಗೆ ಏನೋ ತುರುಕಿದ್ದಾನೆ, ತುರುಕಿದವನ ಮೇಲೆ ಕೇಸ್ ಆಗಲೇಬೇಕು ಎಂದು ಕೋದಂಡರಾಮಪ್ಪನವರು ದೂರು ಕೊಟ್ಟರು. ಮಧ್ಯಾಹ್ನ ಅವನನ್ನು ಠಾಣೆಗೆ ಕರೆತಂದಿರಿ. ಅವನ ಹೆಂಡತಿ ಶ್ಯಾಮಲಮ್ಮ ನನ್ನ ಮನೆ ಬಾಗಿಲಲ್ಲಿ ಅತ್ತಳು. ನನಗೆ ಅನ್ನ ಸೇರಲಿಲ್ಲ.

ಇಂದು ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ಅಶ್ವತ್ಥಪ್ಪನವರನ್ನು ಕಾಡಿ ಬೇಡಿ ಕಾರ್ಖಾನೆಗೆ ಕರೆದುಕೊಂಡು ಹೋದೆ. ಸಕ್ಷನ್ ಪೈಪಿಗೆ ತುಂಬಿದ ನೀರು ಇಳಿಯದೆ ಹಾಗೇ ನಿಂತಿತ್ತು. ಅಂದರೆ ನಮ್ಮ ಜಾಯಿಂಟುಗಳು ಸರಿಯಾಗಿವೆ, ತೊಂದರೆ ಇರುವುದು ಕೆಳಗೆ. ಚೈನ್‌ಪುಲ್ಲಿ ಹಾಕಿ ಪೈಪನ್ನು ಸಂಪಿನಿಂದ ಮೇಲಕ್ಕೆತ್ತಿಸಿದೆ. ನೀರು ಎಳೆದುಕೊಳ್ಳುವ ತುದಿಯ ಫುಟ್‌ವಾಲ್ವಿನ ಜಾಲರಿಗೆ ಬಟ್ಟೆಯೊಂದು ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ನೋಡಿದ್ರಾ ಸಾರ್! ನಾನು ಬಡ್ಕೊಂಡೆ!" ಎಂದು ಕೋದಂಡರಾಮಪ್ಪನವರು ಕುಣಿದಾಡಿದರು.

ಅಶ್ವತ್ಥಪ್ಪನವರು ಬಟ್ಟೆ ಬಿಡಿಸಿದರು. ಹಸಿರು ರವಿಕೆ ಕಣ, ಜರಿ ಅಂಚು, ಮಡಿಕೆಯಲ್ಲಿ ಅರಿಶಿನದ ಕೊಂಬು. ಕಾಫಿ ತಂದಿದ್ದ ಕೋದಂಡರಾಮಪ್ಪನವರ ಹೆಂಡತಿ ಭಾರತಮ್ಮನವರು ತಟ್ಟೆ ಕೆಳಗಿಟ್ಟರು. "ಅಯ್ಯೋ, ಇದು ನಾನು ಗಂಗಮ್ಮ ತಲ್ಲಿಗೆ ಬಿಟ್ಟಿದ್ದು ರೀ! ನಿನ್ನೆ ನೀವೂ ಆ ಫಿಟ್ಟರ್ ಹುಡುಗನೂ ಕಿತ್ತಾಡ್ತಿದ್ರಲ್ಲ, ಆಗ ಪೂಜೆ ಮಾಡಿ ಸಂಪಿಗೆ ಬಿಟ್ಟೆ. ಬಾಗಿನ ಕೊಡದೆ ಹೊಸ ನೀರು ಎತ್ತಬೋದಾ?" ಎಂದರು. ನಮ್ಮ ಕಡೆ ತೋಡು ಬಾವಿಗೆ ಹೀಗೆ ಬಿಡುವುದು ವಾಡಿಕೆ. ಬಾವಿಯಲ್ಲಾದರೆ ಅದು ತಳ ಸೇರುತ್ತಿತ್ತು. ಇಲ್ಲಿ ಪಂಪು ಎಳೆದುಕೊಂಡಿದೆ.

ಜಾಲರಿ ತೊಳೆದು, ಪೈಪು ಇಳಿಸಿ, ಸ್ವಿಚ್ ಹಾಕಿದೆ. ಅಬ್ಬಾ ಸಾರ್, ಆ ನೀರು! ಡೆಲಿವರಿ ಪೈಪು ಒಮ್ಮೆ ನಡುಗಿತು, ನೀರು ನಲವತ್ತು ಅಡಿ ಮೇಲಿನ ಟ್ಯಾಂಕಿಗೆ ಧೋ ಎಂದು ಬಿತ್ತು. ಹಮಾಲರು ಲಾರಿ ಮೇಲೆ ನಿಂತು ಕೇಕೆ ಹಾಕಿದರು. ನನ್ನ ಕಣ್ಣು ತುಂಬಿ ಬಂತು. ಅದನ್ನೂ ಬರೆದುಕೊಳ್ಳಿ, ನನಗೆ ನಾಚಿಕೆಯಿಲ್ಲ.

ನಾವು ಠಾಣೆಗೆ ಬರುವಷ್ಟರಲ್ಲಿ ಭಾರತಮ್ಮನವರು ಆಟೋದಲ್ಲಿ ಬಂದು ಬೆಂಚಿನ ಮೇಲೆ ಕೂತಿದ್ದರು. ಕೇಸ್ ಆಗಲೇಬೇಕಾದರೆ ತನ್ನ ಹೆಸರು ಬರೆದುಕೊಳ್ಳಿ, ಆ ಹುಡುಗನನ್ನು ಬಿಡುವವರೆಗೆ ಏಳುವುದಿಲ್ಲ ಎಂದರು. ಹಿಂದೆಯೇ ಬಂದ ಕೋದಂಡರಾಮಪ್ಪನವರು ಹೆಂಡತಿಯ ಮುಖ ನೋಡಿ, ದೂರು ವಾಪಸ್ ಎಂದು ಬರೆದುಕೊಟ್ಟರು.

ಚನ್ನರಾಯಪ್ಪನನ್ನು ಹೊರಗೆ ಬಿಟ್ಟಿರಿ. ದೂರು ಕೊಟ್ಟವರನ್ನು ಅವನು ತಿರುಗಿಯೂ ನೋಡಲಿಲ್ಲ. "ಅಣ್ಣಾ, ನೀರು ಬಂತಾ?" ಎಂದ. "ಟ್ಯಾಂಕ್ ತುಂಬಿ ಚೆಲ್ತಾ ಐತೆ ಕಣೋ" ಎಂದೆ. ಠಾಣೆಯೆಂಬುದನ್ನೂ ಮರೆತು ಶಿಳ್ಳೆ ಹೊಡೆದ. ತಾವೂ ನಕ್ಕಿರಿ.

ಇಷ್ಟು ನಾನು ಕಣ್ಣಾರೆ ಕಂಡು ಹೇಳಿದ್ದು. ಓದಿಸಿ ಕೇಳಿದೆ, ಸರಿಯಾಗಿದೆ, ಸತ್ಯವಾಗಿದೆ.

ಸ್ಥಳ: ಶ್ರೀನಿವಾಸಪುರ
ದಿನಾಂಕ: 23-5-1998
ಸಹಿ: ವಿ. ಮುರಳಿಮೋಹನ್